ಮೊದಲಿನ ಫೋಟೋ, ಆಮೇಲಿನ ಫೋಟೋ

ಒಳ್ಳೆಯ ಕೆಲಸ ಮಾಡಿ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ನನಗೆ ಒಲಿದಿಲ್ಲ. ಎರಡು ಪಾತ್ರೆ ತೊಳೆದರೂ ಹೆಂಡತಿಯ ಕಿವಿಗೆ ಬೀಳುವ ಹಾಗೆ ಕುಕ್ಕಿ ಇಡುವ ಆಸಾಮಿ ನಾನು. ಅಮೆರಿಕದ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ವರ್ಷಗಟ್ಟಲೆ ಸ್ಲೈಡು ಮಾಡಿ ಮಾಡಿ ಈ ರೋಗ ಇನ್ನೂ ಬಲಿಯಿತು. ಅಲ್ಲಿ ಕೆಲಸ ಮಾಡಿದರಷ್ಟೇ ಸಾಲದು. ಎಡಕ್ಕೆ ‘ಬಿಫೋರ್’, ಬಲಕ್ಕೆ ‘ಆಫ್ಟರ್’ ಎಂದು ಎರಡು ಚಿತ್ರ ಅಂಟಿಸಿ ತೋರಿಸಿದಾಗಲೇ ಅದು ಮುಗಿದಂತೆ.

ಉಗಾಂಡದ ಹಳ್ಳಿಯೊಂದರ ಶಾಲೆಯಲ್ಲಿ ಮಕ್ಕಳಿಗೆ ಶೂ ಹಂಚಲು ಸ್ವಯಂಸೇವಕರು ಬೇಕೆಂದು ಆಫೀಸಿನಲ್ಲಿ ಕೇಳಿದಾಗ ಮೊದಲು ಕೈ ಎತ್ತಿದವನು ನಾನೇ. ನನ್ನ ಹೆಂಡತಿ ಶೈಲಾ ವಿಜಯಪುರದವಳು, ಮಾತಿನಲ್ಲಿ ಮುಲಾಜಿಲ್ಲ. “ಮನಿ ಗರಾಜಿನಾಗಿನ ಡಬ್ಬಿ ಎರಡು ವರ್ಷದಿಂದ ಎತ್ತಿಡವಲ್ರಿ, ಈಗ ಆಫ್ರಿಕಾಕ್ಕ ಡಬ್ಬಿ ಹೊರಾಕ ಹೊಂಟೀರಿ” ಎಂದಳು. ನಾನು ಕೇಳಿಸದವನಂತೆ ಆ ಶಾಲೆಯ ಹೆಡ್‌ಮಿಸ್ಸು ಗ್ರೇಸ್ ಅವರಿಗೆ ಮೇಲ್ ಬರೆಯುತ್ತಿದ್ದೆ. ಶೂ ಕೊಡುವ ಮುಂಚಿನದೊಂದು, ಕೊಟ್ಟ ಮೇಲಿನದೊಂದು ಫೋಟೋ ಬೇಕೇ ಬೇಕು. ಮೊದಲನೆಯದರಲ್ಲಿ ಮಕ್ಕಳ ಅಗತ್ಯ ಸ್ಪಷ್ಟವಾಗಿ ಕಾಣಬೇಕು. ಈ ಕಡೆಯ ಮಾತಿನ ಕೆಳಗೆ ಗೆರೆಯನ್ನೂ ಎಳೆದೆ.

ಆಫೀಸಿನ ಕೆಲವರು ಸೇರಿ ಹೋದೆವು. ಎರಡು ವಿಮಾನ, ಒಂದು ವ್ಯಾನು, ನನ್ನ ಹೊಟ್ಟೆಗಾದ ಅವಾಂತರ ಇವನ್ನೆಲ್ಲ ಹೇಳತೊಡಗಿದರೆ ನಾನು ಮಾಡಿದ ಸೇವೆಗಿಂತ ನುಂಗಿದ ಮಾತ್ರೆಗಳೇ ಹೆಚ್ಚು ಎಂದು ನಿಮಗೆ ಗೊತ್ತಾಗಿಬಿಡುತ್ತದೆ. ಶಾಲೆಯ ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಸಾಲಾಗಿ ನಿಂತಿದ್ದರು. ನನಗೆ ಅಯ್ಯೋ ಎನಿಸಿತು. ಹಾಗೆಂದು ಫೋಟೋ ತೆಗೆಯುವುದನ್ನೇನೂ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಅಪಿಯೊ ಎಂಬ ಎಂಟು ವರ್ಷದ ಹುಡುಗಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಇನ್ನೊಂದರ ಅಂಗಾಲು ಸೀಳಿ ರಕ್ತಕ್ಕೆ ಮಣ್ಣು ಮೆತ್ತಿಕೊಂಡಿತ್ತು.

“ಪಾಪ, ಇವಳ ಹತ್ತಿರ ಒಂದು ಜೊತೆ ಚಪ್ಪಲಿಯೂ ಇಲ್ಲವೇ?” ಎಂದು ಗ್ರೇಸ್ ಅವರನ್ನು ಕೇಳಿದೆ.

“ಇದೆಯಲ್ಲ” ಎಂದರು ಆಕೆ. “ಹೆಚ್ಚಿನ ಮಕ್ಕಳಿಗೆ ಶೂ ಇದೆ. ಅಗತ್ಯ ಕಾಣಬೇಕು ಎಂದು ನೀವು ಬರೆದಿದ್ದಿರಿ. ಅದಕ್ಕೇ ಇವತ್ತು ಮನೆಯಲ್ಲಿ ಬಿಟ್ಟು ಬನ್ನಿ ಎಂದೆ. ಇವಳದು ದೂರದ ಮನೆ, ದಾರಿಯಲ್ಲಿ ಗಾಜು ತುಳಿದಳು.”

ಆಕೆಯ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ. ಗಿರಾಕಿ ಕೇಳಿದ ಸಾಮಾನು ಕಟ್ಟಿಕೊಟ್ಟ ಅಂಗಡಿಯವರ ದನಿ ಅದು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸುವಷ್ಟು ನಾಚಿಕೆಯಾಯಿತು. ನನ್ನ ಔಷಧಿ ಚೀಲದಿಂದಲೇ ಬ್ಯಾಂಡೇಜು ತೆಗೆದು ಕಟ್ಟಿದೆ. ಕಟ್ಟಿದ ಕಾಲಿಗೆ ಹೊಸ ಶೂ ಹಿಡಿಸಲಿಲ್ಲ. ಉಳಿದವರೆಲ್ಲ ಶೂ ಹಾಕಿಕೊಂಡು ‘ಆಫ್ಟರ್’ ಫೋಟೋಗೆ ನಿಂತರು. ಅಪಿಯೊ ತನ್ನ ಜೊತೆಯನ್ನು ಎದೆಗೆ ಒತ್ತಿ ಹಿಡಿದು ಕುಂಟುತ್ತಾ ಬಂದಳು. ಫೋಟೋ ಕೆಡುತ್ತದೆಂದು ಅವಳನ್ನು ಪಕ್ಕಕ್ಕೆ ಸರಿಸಿದವನೂ ನಾನೇ. ನಾಚಿಕೆಯಾದ ಮೇಲೆ, ಅದೇ ಕೈಯಿಂದ.

ಮನೆಗೆ ಮರಳಿದ ಮೇಲೆ ಇದನ್ನೆಲ್ಲ ಶೈಲಾಳಿಗೆ ಮಾತ್ರ ಹೇಳಿದೆ. ಆಫೀಸಿನ ಸ್ಲೈಡಿಗೆ ಜೋರು ಚಪ್ಪಾಳೆ ಬಿತ್ತು. ಮೊನ್ನೆ ಹತ್ತಿರದ ಡ್ಯಾನ್‌ವಿಲ್‌ನ ಸ್ನೇಹಿತರೊಬ್ಬರು ಹೆಂಡತಿಯೊಂದಿಗೆ ನಮ್ಮ ಮನೆಗೆ ಊಟಕ್ಕೆ ಬಂದಾಗಲೂ ಟೀವಿಯಲ್ಲಿ ಆ ಮೊದಲಿನ ಫೋಟೋ ಹಾಕಿದೆ. ಹಾಕಿ ಎಂದು ಯಾರೂ ಕೇಳಿರಲಿಲ್ಲ.

“ಅಯ್ಯೋ, ಆ ಮುಂದಿರೋ ಮಗೂಗೆ ಒಂದು ಜೊತೆ ಶೂನೂ ಇರ್ಲಿಲ್ವಾ?” ಎಂದರು ಅವರ ಹೆಂಡತಿ.

ಸಾರು ಬಡಿಸುತ್ತಿದ್ದ ಶೈಲಾ ಸೌಟು ಹಿಡಿದು ನಿಂತು ನನ್ನನ್ನೇ ನೋಡಿದಳು. ನಾನು ಅವಳತ್ತ ನೋಡದೆ “ಇರ್ಲಿಲ್ಲ” ಎಂದೆ. ಆ ದಿನದ ಮಟ್ಟಿಗೆ ಅದು ನಿಜ. ನಿಜ ಮಾಡಿದವನು ನಾನೇ ತಾನೆ.