ಲೈಟಾಗಿ ಒಂದು ಊಟ

ಇಂಗ್ಲಿಷಿನ ವಿಶೇಷಣಗಳನ್ನು ಮಕ್ಕಳಿಗೆ ಕಲಿಸಿ ಹೊಟ್ಟೆ ಹೊರೆಯುವವನು ನಾನು. ‘ಲೈಟ್’ ಎಂದರೆ ಹಗುರ ಎಂದು ಕೊಪ್ಪಳದ ನಮ್ಮ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆಯುತ್ತಲೇ ತಲೆ ನರೆತಿದೆ. ಆದರೆ ಶಾಲೆಯ ಗೇಟು ದಾಟಿದರೆ ಈ ಅರ್ಥ ಮೂರು ಕಾಸಿಗೂ ಬಾಳುವುದಿಲ್ಲ. ನಮ್ಮ ಸೀಮೆಯಲ್ಲಿ ‘ಲೈಟಾಗಿ ಜಗಳಾತ್ರಿ’ ಎಂದರೆ ಒಬ್ಬನಾದರೂ ಆಸ್ಪತ್ರೆಯಲ್ಲಿರುತ್ತಾನೆ. ‘ಲೈಟಾಗಿ ಮಳಿ ಆತ್ರಿ’ ಎಂದರೆ ಹಳ್ಳ ರಸ್ತೆಗೆ ಬಂದಿದೆ. ಇನ್ನು ‘ಲೈಟಾಗಿ ಊಟ’ದ ಸುದ್ದಿ ಬೇರೆಯೇ.

ಮಗಳ ಮದುವೆ ಕಾರ್ಡು ಹಂಚಲು ಬೈಕ್ ಹತ್ತಿದಾಗ ಹೆಂಡತಿ ಎಚ್ಚರಿಸಿದ್ದಳು: “ಕಡೀಕ ಕುಷ್ಟಗ್ಯಾಗ ನಮ್ಮ ತಮ್ಮನ ಮನ್ಯಾಗ ಉಣ್ಣಬೇಕ್ರಿ. ಸೋದರಮಾವ ಮುನಿಸಿಕೊಂಡ್ರ ಮದುವಿಗೆ ಬರಂಗಿಲ್ಲ ನೋಡ್ರಿ ಮತ್ತ.” ಹೊಟ್ಟೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಕಿನ್ನಾಳದಲ್ಲಿ ನಮ್ಮ ದೊಡ್ಡಮ್ಮ, “ಲೈಟಾಗಿ ನಾಷ್ಟಾ ಮಾಡಪಾ” ಎಂದಳು. ಮಂಡಕ್ಕಿ ಸುಸಲಾ ಬಂತು, ಹಿಂದೆಯೇ ಮಿರ್ಚಿ ಬಂತು, ಬಾಯಿ ಖಾರ ಆಗಿರ್ತೈತಿ ಎಂದು ಸಿಹಿ ಮಾದಲಿಯೂ ಬಂತು. ಇರಕಲ್ಲಗಡದ ಗೆಳೆಯ, “ಏನೂ ಮಾಡಿಲ್ರಿ ಸರ, ಲೈಟಾಗಿ ಎರಡ ರೊಟ್ಟಿ” ಎಂದ. ಅವನ ಹೆಂಡತಿ ನನ್ನ ತಾಟಿನ ಹತ್ತಿರ ಬಂದಾಗಲೆಲ್ಲ ಎಣಿಕೆ ಮರೆಯುತ್ತಿದ್ದಳು.

ಕುಷ್ಟಗಿಯಲ್ಲಿ ಬೈಕಿನಿಂದ ಇಳಿಯಲೂ ಉಸಿರು ಬಿಗಿಹಿಡಿಯಬೇಕಾಯಿತು. “ಬರ್ರಿ ಮಾವಾರ, ಲೈಟಾಗಿ ಉಣ್ಣೂಣು” ಎಂದು ಭಾಮೈದ ತಾಟು ಇಟ್ಟ. ಅದರ ಅಂಚೇ ಕಾಣಿಸುತ್ತಿರಲಿಲ್ಲ. ನಡುವೆ ಶೇಂಗಾ ಹೋಳಿಗೆಗಳ ಗುಡ್ಡ, ಮೇಲೆ ತುಪ್ಪ.

“ಹೊಟ್ಟಿ ತುಂಬೇತೋ ತಮ್ಮಾ” ಎಂದೆ.

ಅವನ ಮುಖ ಗಂಟಾಯಿತು. “ಕಂಡಕಂಡವರ ಮನ್ಯಾಗೆಲ್ಲ ಉಂಡ್ರಿ. ಹುಡುಗಿ ಸೋದರಮಾವನ ಮನಿಗೆ ಬಂದ ಕೂಡ್ಲೆ ಹೊಟ್ಟಿ ತುಂಬಿತು. ಹಂಗಾರ ಮದುವ್ಯಾಗ ಅಕ್ಕಿಕಾಳೂ ಅವರ ಕಡೆನ ಹಾಕಸ್ರಿ!” ಎಂದು ಕಾರ್ಡನ್ನು ನನ್ನತ್ತ ಸರಿಸಿದ.

ಮದುವೆಯ ದಿನ ಕಣ್ಣ ಮುಂದೆ ಬಂತು: ಮಂಟಪದಲ್ಲಿ ಸೋದರಮಾವನಿಲ್ಲ, ಎದುರಿಗೆ ಹೆಂಡತಿಯ ಮುಖ! “ಏ, ಲೈಟಾಗಿ ಚ್ಯಾಷ್ಟಿ ಮಾಡಿದೆನಪಾ” ಎನ್ನುತ್ತ ಹೋಳಿಗೆಗೆ ಕೈ ಹಾಕಿದೆ. ಮೂರನೆಯದು ಗಂಟಲಲ್ಲಿ ನಿಂತಿತು. ಅವನನ್ನು ಪೂರ್ತಿ ಒಲಿಸಿಕೊಳ್ಳೋಣವೆಂದು, “ನಿಮ್ಮಕ್ಕ ಮಾಡೂ ಹೋಳಿಗಿಗಿಂತ ಇವು ಲೈಟಾಗಿ ಛಲೋ ಅದಾವು” ಎಂದುಬಿಟ್ಟೆ. ಅವನ ಮುಖ ಅರಳಿತು. ಆ ಖುಷಿಯಲ್ಲೇ ಅಕ್ಕನಿಗೆ ಫೋನು ಹಚ್ಚಿ, “ಮದುವಿಗೆ ವಾರ ಮೊದಲ ಬರ್ತೀನಕ್ಕಾ” ಎಂದವನು, ನನ್ನ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದ.

ಮರುದಿನ ಹಸಿದು ಕುಳಿತಾಗ ಹೆಂಡತಿ ತಾಟಿನಲ್ಲಿ ಒಂದೇ ಒಂದು ಚಮಚ ಉಪ್ಪಿಟ್ಟು ಇಟ್ಟಳು.

“ಇಷ್ಟನ?”

“ಲೈಟಾಗಿ ತಿನ್ರಿ” ಎಂದಳು.

ಮಧ್ಯಾಹ್ನವೂ ಅದೇ ಮಾತು, ರಾತ್ರಿಯೂ ಅದೇ. ನಮ್ಮ ಸೀಮೆಯಲ್ಲಿ ಆ ಪದವನ್ನು ನಾನು ಬೋರ್ಡಿನ ಮೇಲೆ ಬರೆದ ಅರ್ಥಕ್ಕೆ ಸರಿಯಾಗಿ, ಒಂದು ಕಾಳೂ ಹೆಚ್ಚಾಗದಂತೆ ಬಳಸಿದವಳು ಇವಳೊಬ್ಬಳೇ. ಇಂಗ್ಲಿಷ್ ಮಾಸ್ತರನಾದವನು ಸಂತೋಷಪಡಬೇಕಿತ್ತು. ಹೊಟ್ಟೆ ಬಿಡಲಿಲ್ಲ.