ಶೇಕಡ ನಾಲ್ಕು ಪಡೆದ ಜಾಣೆಯ ಪರವಾಗಿ

ನಾರಿನ್ ಪಟ್ಟಣದ ವೈದ್ಯಕೀಯ ಪೂರ್ವತರಗತಿಯ ಆಯ್ಕೆ ಕೋಣೆಯಲ್ಲಿ ವಿರಾಜಮಾನರಾಗಿರುವ ಶೇಕಡಾ ಲೆಕ್ಕದ ಯಂತ್ರಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ತಂತಿಗಳು ಬೆಚ್ಚಗಿವೆಯೇ, ತಮ್ಮ ಧೂಳು ಒರೆಸುವವರು ಆರೋಗ್ಯವೇ? ಕುರಿ ಕುದುರೆಗಳ ಕ್ಷೇಮ ಕೇಳದೆ ನಾವು ಮಾತು ಶುರುಮಾಡುವವರಲ್ಲ. ತಮಗೆ ಅವು ಇಲ್ಲವಾದ್ದರಿಂದ ಇಷ್ಟು ವಿಚಾರಿಸಿದ್ದೇನೆ.

ನನ್ನ ಮಗಳು ಐಜಾರ್ಕಿನ್ ಡಾಕ್ಟರಾಗುವ ಆಸೆಯಿಂದ ತಮ್ಮ ಪರೀಕ್ಷೆಗೆ ಕೂತಳು. ಪ್ರತಿ ಉತ್ತರದ ಪಕ್ಕದಲ್ಲೂ ಅದು ಸರಿಯೋ ತಪ್ಪೋ ಎಂದು ವಿದ್ಯಾರ್ಥಿಯೇ ಭವಿಷ್ಯ ನುಡಿಯಬೇಕು, ತನ್ನನ್ನು ತಾನು ಬಲ್ಲವರೇ ಒಳ್ಳೆಯ ಡಾಕ್ಟರಾಗುವುದರಿಂದ ಸೀಟು ಸಿಗುವುದು ಉತ್ತರಕ್ಕಲ್ಲ, ಭವಿಷ್ಯಕ್ಕೆ ಎಂಬುದು ತಮ್ಮ ಘನವಾದ ಹೊಸ ನಿಯಮ.

ಹೊರಡುವಾಗ ನನ್ನ ತಾಯಿ ಬಾಗಿಲಿಗೆ ಅಡ್ಡ ನಿಂತು, "ನಂಗೆಲ್ಲಾ ಬರುತ್ತೆ ಅಂತ ಬರೆದುಗಿರೆದೀಯ, ದೃಷ್ಟಿ ತಾಗುತ್ತೆ ಕಣೇ! ತಪ್ಪು ಅಂತ್ಲೇ ಬರಿ, ಎಲ್ಲಾ ಸರಿಹೋಗುತ್ತೆ" ಎಂದು ತೂ ತೂ ಎಂದು ಉಗುಳಿ ಕಳಿಸಿದರು. ದೃಷ್ಟಿ ತಾಗಿ ಕೆಟ್ಟೀತೆಂದು ಈ ಕಣಿವೆಯಲ್ಲಿ ಕೊಬ್ಬಿದ ಕುರಿಮರಿಯನ್ನು ಕೂಡ ಯಾರೂ ಉಗುಳದೆ ಹೊಗಳುವುದಿಲ್ಲ. ಐವತ್ತೂ ತಪ್ಪು ಎಂದು ಬರೆದವಳ ನಲವತ್ತೆಂಟು ಉತ್ತರ ಸರಿಯಾದವು. ತಾವು ನಿಜವಾದ ಎರಡೇ ಭವಿಷ್ಯವನ್ನು ಐವತ್ತರಿಂದ ಭಾಗಿಸಿ, ನೂರರಿಂದ ಗುಣಿಸಿ, ಶೇಕಡ ನಾಲ್ಕು ಎಂದು ಸಾರಿದಿರಿ. ಲೆಕ್ಕದಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ, ಅಡ್ಡಬಿದ್ದೆ.

ಪಕ್ಕದ ಮನೆಯ ತೊಲೊಗೊನ್ ಕೂಡ ಐವತ್ತೂ ತಪ್ಪು ಎಂದೇ ಬರೆದಿದ್ದ, ಐವತ್ತೂ ತಪ್ಪಾದವು. ಶೇಕಡ ನೂರು! ಗುಂಡಿಗೆ ಯಾವ ಕಡೆಗಿದೆ ಎಂದು ತಿಳಿಯದ ಅವನು ಸೀಟು ಪಡೆದು, "ಮಾಮಾ, ನಾನು ಕುದುರೆ ಮೇಯಿಸ್ಕೊಂಡಿರೋಣ ಅಂತಿದ್ದೆ, ಇವ್ರು ಬಿಡ್ತಿಲ್ವಲ್ಲ" ಎಂದು ನನ್ನ ಮುಂದೆ ಅಳುತ್ತಿದ್ದಾನೆ. ತಮ್ಮನ್ನು ಅಲ್ಲಿ ಕೂರಿಸಿದ ದೊಡ್ಡವರು ಕಾಯಿಲೆ ಬಿದ್ದಾಗ ಅವನನ್ನೇ ಕರೆಸಿಕೊಳ್ಳಬೇಕೆಂದು ಕೋರುತ್ತೇನೆ. ರೋಗಿ ಉಳಿಯುವುದಿಲ್ಲ ಎಂಬ ಅವನ ಭವಿಷ್ಯವೂ ಶೇಕಡ ನೂರು ನಿಜವಾದೀತು.

ನನ್ನ ಮಗಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಮೇಲ್ಮನವಿ ಹಾಕಿದ್ದೇವೆ, ಅದರ ಫಲವನ್ನೂ ಮೊದಲೇ ಊಹಿಸಬೇಕೆಂದು ತಾವು ಕೇಳಿದ್ದರಿಂದ, ಅಜ್ಜಿಯ ಅಪ್ಪಣೆಯಂತೆ ಅವಳು 'ತಿರಸ್ಕಾರವಾಗುತ್ತದೆ' ಎಂದೇ ಬರೆದಿದ್ದಾಳೆ. ತಾವು ತಿರಸ್ಕರಿಸಿದರೆ ಅವಳ ಭವಿಷ್ಯ ಶೇಕಡ ನೂರು ನಿಜವಾಗಿ, ತಮ್ಮದೇ ನಿಯಮದಂತೆ ಸೀಟು ಅವಳದು. ಪುರಸ್ಕರಿಸಿದರೂ ಅವಳದೇ. ಅವಸರವಿಲ್ಲ, ನಿಧಾನವಾಗಿ ಲೆಕ್ಕ ಹಾಕಿ.

ತಮ್ಮ ಕರಾರುವಾಕ್ಕುತನಕ್ಕೆ ಬೆರಗಾದ ತಮ್ಮ ವಿಶ್ವಾಸಿ,
ಸಗಿನ್‌ಬೆಕ್

ಮರೆತ ಮಾತು: ನನ್ನ ತಾಯಿ ನಾಳೆ ಖುದ್ದಾಗಿ ಬಂದು, ತಮ್ಮೆದುರೇ ನಿಂತು, ಎಂಥ ಜಾಣ ಯಂತ್ರ, ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಮನಸಾರೆ ಹೊಗಳಲಿದ್ದಾರೆ. ಉಗುಳುವುದಿಲ್ಲವಂತೆ.