ಸುಸ್ಥಿರ ಸೊಸೆಯ ಮಳೆನೀರು

ಭೂಗೋಳ ಓದಿದ ಸೊಸೆಯನ್ನು ಮನೆಗೆ ತಂದುಕೊಳ್ಳಬೇಡಿ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ. ಬರೆದಿದ್ದರೆ ನಮ್ಮ ಅತ್ತೆ ಈಶ್ವರಮ್ಮನವರು ಖಂಡಿತ ಓದಿಕೊಂಡಿರುತ್ತಿದ್ದರು, ನಾನು ಈ ಹೊತ್ತು ಬೆಂಗಳೂರಿನ ಯಾವುದೋ ಶಾಲೆಯಲ್ಲಿ ಭೂಪಟ ತೂಗುಹಾಕಿಕೊಂಡು ಆರಾಮವಾಗಿರುತ್ತಿದ್ದೆ. ಗಡಿಯಾಚೆ ಆಂಧ್ರದ ರಾಯದುರ್ಗದ ಈ ಜೀನ್ಸ್ ಹೊಲಿಯುವ ಮನೆಗೆ ನಾನು ಬಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ಸಿದ್ಧಾಂತದೊಂದಿಗೆ. ಸೂಟ್‌ಕೇಸುಗಳು ಅಟ್ಟ ಸೇರಿದವು. ಸಿದ್ಧಾಂತ ಮಾತ್ರ ನಡುಮನೆಯಲ್ಲಿ ಎಲ್ಲರ ಕಾಲಿಗೂ ತೊಡರುತ್ತ ಉಳಿಯಿತು.

ಸಿದ್ಧಾಂತ ಇಷ್ಟೆ: ಸುಸ್ಥಿರ ನಗರ ಶುರುವಾಗುವುದು ಮನೆಯಿಂದ. ಎಂ.ಎ.ಯಲ್ಲಿ ಆ ಪೇಪರಿಗೆ ನನಗೇ ತರಗತಿಯಲ್ಲಿ ಹೆಚ್ಚು ಅಂಕ. (ಇದನ್ನು ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ. ನಮ್ಮ ಓಣಿಯ ಪ್ರತಿಯೊಬ್ಬರಿಗೂ ಅದು ಹೇಗೋ ಗೊತ್ತು.)

ಮಗಳು ಸೌಜನ್ಯ ಹುಟ್ಟಿದ ಮೇಲೆ ಸಿದ್ಧಾಂತದ ಜೊತೆಗೆ ಗಾಬರಿಯೂ ಸೇರಿಕೊಂಡಿತು. ಮಗು ಸೀನಿದರೆ ಗಾಬರಿ, ಸೀನದಿದ್ದರೆ ಯಾಕೆ ಸೀನಲಿಲ್ಲವೆಂದು ಗಾಬರಿ. ಅದೆಲ್ಲಕ್ಕಿಂತ ದೊಡ್ಡ ಗಾಬರಿ ಸ್ನಾನದ್ದು. ನಮ್ಮ ಓಣಿಗೆ ನಲ್ಲಿ ನೀರು ಬರುವುದು ಅತಿಥಿಯ ಹಾಗೆ, ತಿಥಿ ಹೇಳದೆ. ಒಂದೂವರೆ ವರ್ಷದ ಕೂಸಿಗೆ ನೀರಿನಲ್ಲಿ ಆಡುವ ಹುಚ್ಚು. ಚೊಂಬು ಎತ್ತಿ ಎರಡನೇ ಸಲ ಸುರಿಯುವಷ್ಟರಲ್ಲಿ ನಡುಮನೆಯಿಂದ ಅತ್ತೆಯವರ ಕೆಮ್ಮು ಕೇಳಿಸುತ್ತಿತ್ತು. ಅದು ಶೀತದ ಕೆಮ್ಮಲ್ಲ, ಸಂಪನ್ಮೂಲ ನಿರ್ವಹಣೆಯ ಕೆಮ್ಮು.

"ಹರಿತಾ, ಕೂಸಿಗೆ ಎರಿತೀಯೋ, ಕೆರಿ ತುಂಬಿಸ್ತೀಯೋ?"

"ಒಂದೇ ಚೊಂಬು ಅತ್ತೆ!"

"ಆ ಒಂದು ಚೊಂಬಿನಾಗ ನಾನು ನಾಲ್ಕು ಪಾತ್ರಿ ಬೆಳಗತಿದ್ದೆ ನೋಡವ್ವ."

ನನ್ನ ಮಗಳು ಒಂದು ದಿನವಾದರೂ ಕೆಮ್ಮಿಲ್ಲದ ನೀರಿನಲ್ಲಿ ಮನದಣಿಯೆ ಆಡಬೇಕು ಎಂದು ನಾನು ಅಂದೇ ನಿಶ್ಚಯಿಸಿದೆ. ದಾರಿ ಆಕಾಶದಲ್ಲಿತ್ತು. ಮಳೆನೀರು! ನಮ್ಮ ಕಡೆ ಮೋಡಗಳು ಸಾಮಾನ್ಯವಾಗಿ ಮೇಲಿಂದ ನಮಸ್ಕಾರ ಹೇಳಿ ಬಳ್ಳಾರಿ ಕಡೆ ಹೋಗಿಬಿಡುತ್ತವೆ, ನಿಜ. ಆದರೆ ನಿಂತು ಸುರಿದ ದಿನ ಒಂದು ಹನಿಯೂ ಚರಂಡಿಗೆ ಹೋಗಬಾರದು.

ಮಾಳಿಗೆಯ ಕೊಳವೆಯನ್ನು ಬಚ್ಚಲಿನ ಪಕ್ಕಕ್ಕೆ ತಿರುಗಿಸಿ, ಅದರ ಕೆಳಗೆ ಮುಚ್ಚಳವಿದ್ದ ದೊಡ್ಡ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಪ್ರತಿಷ್ಠಾಪಿಸಿದೆ. ಉಳಿದದ್ದು ಸೋಸುವ ವ್ಯವಸ್ಥೆ. ಮರಳು, ಜಲ್ಲಿ, ಇದ್ದಿಲು ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವರ ಮನೆಯಲ್ಲಿ ಮೂಲೆಗೆ ಜೀನ್ಸ್ ಚಿಂದಿಯ ಚೀಲಗಳು ಬಿದ್ದಿರುತ್ತವೆಯೇ? ನಮ್ಮಲ್ಲಿ ಬಿದ್ದಿದ್ದವು. ದಪ್ಪ ಬಟ್ಟೆ, ಹೊಚ್ಚ ಹೊಸದು, ಶುದ್ಧ ಹತ್ತಿ, ಬಿಟ್ಟಿ. ಒಂದೇ ಏಟಿಗೆ ನೀರಿನ ಸಮಸ್ಯೆ, ಕಸದ ಸಮಸ್ಯೆ ಎರಡೂ ಮಾಯ. ನನ್ನ ಬುದ್ಧಿಗೆ ನಾನೇ ದೃಷ್ಟಿ ತೆಗೆದುಕೊಳ್ಳಬೇಕೆನಿಸಿತು.

ಯಜಮಾನರಾದ ಲೋಕನಾಥ್ ಮಷಿನ್ ಮೇಲೆ ಬಗ್ಗಿಕೊಂಡು ಜೇಬು ಹೊಲಿಯುತ್ತಿದ್ದರು.

"ರೀ, ಈ ಚಿಂದಿ ಸ್ವಲ್ಪ ತೊಗೊಳ್ಳಲಾ?"

"ತಗೋ."

"ಯಾಕೆ ಅಂತ ಕೇಳಲ್ವಾ?"

"ಕೇಳಿದ್ರ ನೀ ಹೇಳ್ತಿ. ನಂದು ಇನ್ನಾ ರಾಶಿ ಜೇಬು ಉಳಿದಾವ."

ದಾಂಪತ್ಯದಲ್ಲಿ ಗಂಡ ಕೇಳದ ಒಂದು ಪ್ರಶ್ನೆಗೆ ಎಷ್ಟು ಬೆಲೆಯಿದೆ ಎಂಬುದು ಆಮೇಲೆ ತಿಳಿಯಿತು. ಡ್ರಮ್ಮಿನ ಬಾಯಿಗೆ ಜಾಲರಿ ಕಟ್ಟಿ, ಅದರ ಮೇಲೆ ಚಿಂದಿ ಗಿಡಿದೆ. ಅತ್ತೆ ಬಂದು ಇಣುಕಿದರು.

"ಒಳಗ ಏನು ತುಂಬೀಯ?"

"ಅದು ವೈಜ್ಞಾನಿಕ ಅತ್ತೆ. ನೀರು ಬಿದ್ದ ಮೇಲೆ ನೋಡಿ."

ವಾರ ಕಳೆಯುವುದರೊಳಗೆ ಒಂದು ಸಂಜೆ ಮಳೆ ಬಂತು, ಯಾವುದೋ ಹಳೆ ಬಾಕಿ ತೀರಿಸುವಂತೆ. ಡ್ರಮ್ಮು ಗಡಗಡ ಎಂದಿತು. ಮಳೆ ನಿಂತೊಡನೆ ಕತ್ತಲಲ್ಲೇ ಮುಚ್ಚಳ ಹಾಕಿದೆ. ಜಾಲರಿ ಸಡಿಲಾಗಿ ಚಿಂದಿಯೆಲ್ಲ ಒಳಕ್ಕೇ ಬಿದ್ದದ್ದು ಬೆಳಿಗ್ಗೆ ಮುಚ್ಚಳ ತೆಗೆದಾಗ ಕಂಡಿತು. ಬಿದ್ದರೆ ಬೀಳಲಿ, ಒಳಗಿದ್ದೂ ಸೋಸುತ್ತದೆ ಎಂದುಕೊಂಡೆ. (ಬೇರು ತೊಗಟೆ ನೀರಲ್ಲಿ ನೆನೆದರೆ ಅದಕ್ಕೆ ಕಷಾಯ ಎನ್ನುತ್ತಾರೆಂಬುದು ಎಂ.ಎ. ಸಿಲಬಸ್‌ನಲ್ಲಿರಲಿಲ್ಲ.) ನೀರಿನ ಬಣ್ಣ ನೋಡಲಿಲ್ಲವೇ ಎಂದು ನೀವು ಕೇಳುತ್ತೀರಿ. ನೀಲಿ ಡ್ರಮ್ಮಿನಲ್ಲಿ ನೀರು ನೀಲಿಯಾಗಿ ಕಾಣದೆ ಕೆಂಪಾಗಿ ಕಾಣುತ್ತದೆಯೇ? ಮಗುವಿನ ಸ್ನಾನದ ಟಬ್ಬೂ ಅದೇ ಅಂಗಡಿಯದು, ಅದೇ ಬಣ್ಣದ್ದು. ಮೇಲಾಗಿ ಬಚ್ಚಲಿಗೆ ಕಿಟಕಿಯಿಲ್ಲ, ಕರೆಂಟೂ ಹೋಗಿತ್ತು.

ಯಜಮಾನರು ದಾರ, ಜಿಪ್ಪು ತರಲು ಬಳ್ಳಾರಿಗೆ ಹೋಗಿದ್ದರು. ಅತ್ತೆ ಸಂತೆಗೆ ಹೋಗಿದ್ದರು. ಜವಾಬ್ದಾರಿಯುತ ತಾಯಿಯಾದ ನಾನು ನೀರನ್ನು ಮೊದಲು ನನ್ನ ಮೇಲೆಯೇ ಪ್ರಯೋಗಿಸಿದೆ. ಮುಖಕ್ಕೆ ಚೆನ್ನಾಗಿ ಎರಚಿಕೊಂಡು, ಮಳೆನೀರು ಚರ್ಮಕ್ಕೆ ಒಳ್ಳೆಯದೆಂದು ಒರೆಸದೆ ಹಾಗೆಯೇ ಆರಲು ಬಿಟ್ಟೆ. ಉರಿಯಿಲ್ಲ, ತುರಿಕೆಯಿಲ್ಲ. ಪ್ರಯೋಗ ಯಶಸ್ವಿ. ಟಬ್ಬು ತುಂಬಿಸಿ ಮಗುವನ್ನು ಇಳಿಸಿದೆ. "ಆಡು ಮಗಳೇ, ಇದು ನಮ್ಮ ಸ್ವಂತ ನೀರು!" ಸೌಜನ್ಯ ಆಡಿದಳು. ಬಡಿದಳು, ಮುಳುಗಿದಳು, ಒದ್ದೆ ಬೆರಳು ಚೀಪಿದಳು. ಕೆಮ್ಮುವವರು ಯಾರೂ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು (ಅದೊಂದೇ ಆ ಹೊತ್ತಿನ ಬಣ್ಣವಿಲ್ಲದ ನೀರು).

ಮಗುವನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಬಂದೆ. ಉಗುರು ನೀಲಿ. ತುಟಿ ನೀಲಿ. ಅಂಗಾಲು ನೀಲಿ.

ಓದಿದ ತಾಯಂದಿರ ತೊಂದರೆಯೇ ಇದು. 'ಮಗುವಿನ ತುಟಿ, ಉಗುರು ನೀಲಿಯಾದರೆ ತಕ್ಷಣ ವೈದ್ಯರನ್ನು ಕಾಣಿ' ಎಂದು ಫೋನಿನಲ್ಲಿ ಓದಿಟ್ಟುಕೊಂಡಿದ್ದೆ. ಕಾರಣಗಳೆಲ್ಲ ಬಾಯಿಪಾಠ: ಹೃದಯ, ಶ್ವಾಸಕೋಶ, ಆಮ್ಲಜನಕ. ಆ ಪಟ್ಟಿಯಲ್ಲಿ ಪ್ಯಾಂಟು ಇರಲಿಲ್ಲ.

ಸಿಕ್ಕ ಸೀರೆಯನ್ನು ಮಗುವಿಗೆ ಸುತ್ತಿ ಎತ್ತಿಕೊಂಡು ಓಡಿದೆ. ಬಾಗಿಲಲ್ಲೇ ಸಂತೆ ಚೀಲ ಹಿಡಿದ ಅತ್ತೆ ಎದುರಾದರು. ಚೀಲ ಕೆಳಗೆ ಬಿತ್ತು.

"ಅಯ್ಯ ನಮ್ಮವ್ವ! ಹರಿತಾ, ನಿನ್ನ ಮುಖ—"

"ನನ್ನ ಮುಖ ಆಮೇಲೆ ನೋಡಿ ಅತ್ತೆ! ಮಗು ನೋಡಿ, ಮಗು!"

ಬೀದಿಯ ತುದಿಯಲ್ಲಿ ರವಿತೇಜನ ಆಟೋ ನಿಂತಿತ್ತು. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ, ತಿರುಗಿ ನೋಡಿ, ಗಾಬರಿಗೆ ತೆಲುಗಿಗೆ ಜಾರಿದ.

"ಅಕ್ಕಾ, ಮೀ ಮುಖಂ..."

"ಮುಖಂ ಗಿಖಂ ಬಿಡೋ, ಆಸ್ಪತ್ರೆಗೆ ಬಿಡು!"

ಹಿಂದೆಯೇ ಅತ್ತೆ, ಬಿದ್ದ ಚೀಲದಿಂದ ಬಿಸ್ಕತ್ತಿನ ಪೊಟ್ಟಣವೊಂದನ್ನೇ ಹೆಕ್ಕಿಕೊಂಡು, ಹತ್ತಿ ಕೂತರು. ದಾರಿಯುದ್ದಕ್ಕೂ ಅವರು ಒಮ್ಮೆ ಮೊಮ್ಮಗಳನ್ನು, ಒಮ್ಮೆ ನನ್ನನ್ನು ನೋಡುತ್ತ ಊರಿನ ದೇವರಿಗೆಲ್ಲ ಹರಕೆ ಹೊತ್ತುಕೊಂಡರು. ನನಗೆ ಕಂಡದ್ದು ಆ ಪುಟ್ಟ ನೀಲಿ ಉಗುರುಗಳು ಮಾತ್ರ. ದೇವರೇ, ಇನ್ನು ಮೇಲೆ ಅರ್ಧ ಚೊಂಬಿನಲ್ಲೇ ಎರೆಯುತ್ತೇನೆ, ನನ್ನ ಅಂಕಗಳನ್ನೆಲ್ಲ ವಾಪಸು ತೆಗೆದುಕೋ, ಮಗುವನ್ನು ಬಿಡು ಎಂದು ಬೇಡಿಕೊಂಡೆ. ಮಗು ಬಿಸ್ಕತ್ತು ತಿನ್ನುತ್ತಿತ್ತು.

ಡಾಕ್ಟರ್ ಶಿವಶಂಕರ್ ಅವರ ಕ್ಲಿನಿಕ್ಕಿನಲ್ಲಿ ಬೆಂಚು ಭರ್ತಿ. ನನ್ನನ್ನು ಕಂಡ ಕೂಡಲೇ ಕೂತವರೆಲ್ಲ ಎದ್ದು ನಿಂತರು. ಡಿ. ಹಿರೇಹಾಳಿನಿಂದ ಬಂದಿದ್ದ ಜುಂಜಮ್ಮ ಎಂಬ ಹೆಂಗಸು ನನ್ನ ರಟ್ಟೆ ಹಿಡಿದು ಒಳಗೆ ಕಳಿಸಿದಳು. "ಮೊದಲ ನೀವು ಹೋಗ್ರಿ ತಾಯಿ. ನಮ್ದು ಬರೀ ಜ್ವರ." ಈ ಊರಿನ ಜನರಿಗೆ ಮಕ್ಕಳೆಂದರೆ ಎಷ್ಟು ಕರುಳು ಎಂದುಕೊಳ್ಳುತ್ತ ಮಗುವನ್ನು ಮೇಜಿನ ಮೇಲೆ ಕೂರಿಸಿದೆ.

"ಡಾಕ್ಟ್ರೇ, ತುಟಿ ನೀಲಿ, ಉಗುರು ನೀಲಿ, ಆಕ್ಸಿಜನ್ ಕಮ್ಮಿಯಾಗಿದೆ!"

ಡಾಕ್ಟರು ಎದೆಗೆ ಕೊಳವೆ ಇಟ್ಟರು. ಬೆರಳಿಗೆ ಕ್ಲಿಪ್ಪು ಹಾಕಿದರು. ಸೌಜನ್ಯ ಕ್ಲಿಪ್ಪನ್ನು ಬಾಯಿಗೆ ಹಾಕಿಕೊಳ್ಳಲು ನೋಡಿ, ಆಗದೆ, ಇನ್ನೊಂದು ಬಿಸ್ಕತ್ತಿಗೆ ಕೈ ಚಾಚಿದಳು.

"ಆಕ್ಸಿಜನ್ ಕಡಿಮಿ ಆದ ಕೂಸು ಹಿಂಗ ಬಿಸ್ಕತ್ತು ಕೇಳಂಗಿಲ್ಲಮ್ಮ," ಎಂದರು ಡಾಕ್ಟರು. ಹತ್ತಿಗೆ ಸ್ಪಿರಿಟ್ ಹಚ್ಚಿ ಅಂಗಾಲು ಒರೆಸಿದರು. ಹತ್ತಿ ನೀಲಿಯಾಯಿತು. ಅಂಗಾಲು ಅಂಗಾಲಾಯಿತು.

"ನಿಮ್ದು ಜೀನ್ಸ್ ಹೊಲಿಯೋ ಮನೀನಾ?"

"ಹೌದು."

"ಹೊಸಾ ಜೀನ್ಸ್ ಬಕೆಟ್‌ನ್ಯಾಗ ನೆನಿ ಹಾಕಿದ್ರ ಏನಾಗತೈತ್ರಿ?"

ಮೌಖಿಕ ಪರೀಕ್ಷೆಯಲ್ಲಿ ಕೂತವಳಂತೆ ನಾನು ಥಟ್ಟನೆ ಉತ್ತರಿಸಿದೆ: "ಬಣ್ಣ ಬಿಡುತ್ತೆ." ಸರಿಯುತ್ತರ. ತೆರೆದ ಬಾಯಿ ಮುಚ್ಚಲು ಆಗಲಿಲ್ಲ, ಅಷ್ಟೆ.

ಹಿಂದಿನಿಂದ ಅತ್ತೆಯವರ ದನಿ ಬಂತು, ಬಹಳ ಮೆಲ್ಲಗೆ. "ಡ್ರಮ್ಮಿನಾಗ ಚಿಂದಿ ಹಾಕಿದ್ದೇನು?"

"ಮಗೂದು ಬಿಡ್ರಿ," ಎಂದರು ಡಾಕ್ಟರು, "ಚೊಲೋ ಐತಿ. ನಾನು ಆಗಿನಿಂದ ನೋಡಾಕತ್ತಿರೋದು ನಿಮ್ಮನ್ನ. ಅಲ್ಲಿ ಕೈ ತೊಳಿಯೋ ಕಡೆ ಕನ್ನಡಿ ಐತಿ, ಒಮ್ಮೆ ಹೋಗಿ ಬರ್ರಿ."

ಹೋದೆ. ಕನ್ನಡಿಯಲ್ಲಿ ಯಾರೋ ಬಣ್ಣ ಬಳಿದುಕೊಂಡು ಬಯಲಾಟಕ್ಕೆ ಹೊರಟು ದಾರಿ ತಪ್ಪಿದಂತಿತ್ತು. ಹಣೆ ನೀಲಿ, ಕೆನ್ನೆ ನೀಲಿ, ಮೂಗಿನ ತುದಿ ಕಡುನೀಲಿ. ಅತ್ತದ್ದರಿಂದ ಎರಡು ಬಿಳಿ ಕಾಲುವೆ ಗಲ್ಲದವರೆಗೆ ಇಳಿದಿದ್ದವು, ನೀರಾವರಿ ಯೋಜನೆಯ ನಕ್ಷೆಯ ಹಾಗೆ. ಹರಿತಾ ಎಂದರೆ ಹಸಿರು ಎಂದು ಹೆಸರಿಟ್ಟ ಅಪ್ಪನಿಗೆ ಈ ಮುಖ ಯಾವತ್ತೂ ಕಾಣಬಾರದು. ಹೊರಗಿನವರೆಲ್ಲ ಬೆಂಚು ಬಿಟ್ಟು ಎದ್ದದ್ದು ಮಗುವಿಗಲ್ಲ, ನನಗೆ. ಜುಂಜಮ್ಮ ಜ್ವರವನ್ನು ಪಕ್ಕಕ್ಕಿಟ್ಟು ದಾರಿ ಬಿಟ್ಟದ್ದು, ಇವಳು ಇನ್ನು ಸ್ವಲ್ಪ ಹೊತ್ತಿನ ಗಿರಾಕಿ ಎಂದು.

ಸೋಪು, ಕೊಬ್ಬರಿಎಣ್ಣೆ, ಕೆಲವು ದಿನದ ತಾಳ್ಮೆ. ಡಾಕ್ಟರು ಬರೆದುಕೊಟ್ಟ ಔಷಧ ಅಷ್ಟೆ. ಮಗು ಸಂಜೆಯೊಳಗೆ ಗೋಧಿಬಣ್ಣಕ್ಕೆ ತಿರುಗಿತು. ಒರೆಸದೆ ಆರಿಸಿಕೊಂಡ ನಾನು ತಿರುಗಲಿಲ್ಲ.

ಬಳ್ಳಾರಿಯಿಂದ ಬಂದ ಯಜಮಾನರು ಹೊಸ್ತಿಲಲ್ಲೇ ನಿಂತರು. ನಗು ತಡೆಯಲು ಜಿಪ್ಪಿನ ಕಟ್ಟನ್ನು ಬಾಯಿಗೆ ಅಡ್ಡ ಹಿಡಿದರು.

"ನೀವೇ ತಾನೇ ಚಿಂದಿ ತಗೋ ಅಂದಿದ್ದು!"

"ತಗೋ ಅಂದೆ. ಉಪ್ಪಿನಕಾಯಿ ಹಾಕು ಅಂದ್ನೇನು?"

"ಬಣ್ಣ ಬಿಡುತ್ತೆ ಅಂತ ಒಂದು ಮಾತು ಹೇಳಬಾರದಾ?"

"ಎಂ.ಎ. ಆದೋರಿಗೆ ನಾನು ಹೇಳೋದಾ!"

ಅವಮಾನ ತಾಳಲಾರದೆ ಡ್ರಮ್ಮನ್ನು ಚರಂಡಿಗೆ ಮಗುಚಲು ಹೋದೆ. ಅತ್ತೆ ಓಡಿ ಬಂದು ಅಡ್ಡ ನಿಂತರು.

"ನೀರು ಚೆಲ್ಲತೀಯೇನು? ಈ ಊರಾಗ?"

ಮರುದಿನ ಅವರು ಆ ನೀರಿಗೆ ಸುಣ್ಣ ಕಲಸಿದರು. ಸುಣ್ಣಕ್ಕೆ ನೀಲಿ ಬೆರೆಸಿ ಬಳಿಯುವುದು ನಮ್ಮ ಕಡೆ ಇದ್ದದ್ದೇ. ಕಾಂಪೌಂಡಿನ ಮೂಲೆಗೆ ಬಳಿದು ನೋಡಿದರೆ, ಆಹಾ, ತಿಳಿಯಾದ ಆಕಾಶದ ಬಣ್ಣ! ಪಕ್ಕದ ಮನೆಯ ಉಚ್ಚಂಗಮ್ಮ ಗೋಡೆಯ ಆಚೆಯಿಂದ ಕತ್ತು ಚಾಚಿದರು. "ಈಶ್ವರಮ್ಮಕ್ಕಾ, ನಮ್ಮ ಕುರಿ ಹಟ್ಟಿ ಗೋಡಿಗೂ ಒಂದು ಕೊಡ ಕೊಡ್ರಲ್ಲ." ಸಂಜೆಗೆ ಓಣಿಯ ಹೆಂಗಸರು ಕೊಡ ಹಿಡಿದು ಸಾಲುಗಟ್ಟಿದರು. ಅತ್ತೆ ಡ್ರಮ್ಮಿನ ಪಕ್ಕ ಸ್ಟೂಲು ಹಾಕಿಕೊಂಡು, ಮನೆಗೆ ಒಂದೇ ಕೊಡ, ನೂಕಾಡಬಾರದು, ಚೆಲ್ಲಿದರೆ ಮತ್ತಿಲ್ಲ ಎಂದು ನೀರು ಹಂಚಿದರು. ಸಮಾನ ಹಂಚಿಕೆ, ಮರುಬಳಕೆ, ಜನರ ಪಾಲ್ಗೊಳ್ಳುವಿಕೆ. ನಾನು ಹಾಳೆಗಟ್ಟಲೆ ಬರೆದು ಅಂಕ ಗಿಟ್ಟಿಸಿದ್ದೆಲ್ಲ ಕಣ್ಣೆದುರು ನಡೆಯುತ್ತಿತ್ತು, ನನ್ನನ್ನು ಒಂದು ಮಾತೂ ಕೇಳದೆ.

ನನಗೂ ಏನಾದರೂ ಪಾತ್ರ ಬೇಡವೇ? ಮುಖಕ್ಕೆ ಸೆರಗು ಮುಚ್ಚಿಕೊಂಡು ಹತ್ತಿರ ಹೋಗಿ, "ಅತ್ತೆ, ನಾನೇನು ಮಾಡಲಿ?" ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸುಣ್ಣದ ಬ್ರಷ್ಷನ್ನು ಕೈಗಿತ್ತರು.

"ಎಲ್ಲಾರ ಗೋಡಿನೂ ನೀನ ಬಳಿ ನಮ್ಮವ್ವ. ಹೆಂಗೂ ನೀಲಿ ಆಗೀಯ, ಇನ್ನೊಬ್ಬರ ಕೈ ಯಾಕ ಕೆಡಿಸಬೇಕು?"

ವಾದಿಸಲು ಬಾಯಿ ತೆರೆದೆ. ಎಷ್ಟು ಹುಡುಕಿದರೂ ಅತ್ತೆಯವರ ಲೆಕ್ಕದಲ್ಲಿ ಒಂದು ಹನಿ ಪೋಲೂ ಸಿಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಉಚ್ಚಂಗಮ್ಮನವರ ಕುರಿಹಟ್ಟಿಯ ಕಡೆ ನಡೆದೆ.